ಬಯಲುಸೀಮೆಯ ಚಂದ್ರೋದಯ



ಪೇಟೆಯಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ಚಂದ್ರನ ಉದಯಾಸ್ತಗಳ ಚಿಂತೆ ಹತ್ತುವುದು ಎರಡು ಬಗೆಯ ದಿನಗಳಲ್ಲಿ ಮಾತ್ರ. ಸಂಕಷ್ಟ ಚತುರ್ಥಿಯ ರಾತ್ರಿ ಉಪವಾಸವಿದ್ದವರು ಅವನು ಯಾವಾಗ ಬರುವನೋ ಎಂದು ಕಾಯುತ್ತಾರೆ. ಭಾದ್ರಪದ ಶುದ್ಧ ಚೌತಿಯ ರಾತ್ರಿ, ಶ್ಯಮಂತಕಮಣಿಯ ಅಪವಾದಕ್ಕೆ ಅಂಜಿದವರು ಅವನು ಯಾವಾಗ ತೊಲಗುವನೋ ಎಂದು ಕಾಯುತ್ತಾರೆ. ಒಂದಕ್ಕೆ ಉದಯದ ವೇಳೆ ಬೇಕು, ಮತ್ತೊಂದಕ್ಕೆ ಅಸ್ತದ ವೇಳೆ ಬೇಕು. ಎರಡನ್ನೂ ನಾವು ಪಂಚಾಂಗದಲ್ಲೋ ವೃತ್ತಪತ್ರಿಕೆಯಲ್ಲೋ ಓದಿಕೊಳ್ಳುತ್ತೇವೆ. ಓದಿದ ವೇಳೆಗೆ ಸರಿಯಾಗಿ ಮಾಳಿಗೆ ಹತ್ತಿ ನೋಡಿದರೆ ಎದುರುಮನೆಯ ನೀರಿನ ತೊಟ್ಟಿಯ ಹೊರತು ಬೇರೇನೂ ಕಾಣುವುದಿಲ್ಲ. ಆಗ ಕೆಲವರು ಪಂಚಾಂಗದವನನ್ನು ಬೈಯುತ್ತಾರೆ. ಕೆಲವರು ಕಾಣದ ಚಂದ್ರನಿಗೇ ಅರ್ಘ್ಯ ಕೊಟ್ಟು ಊಟಕ್ಕೆ ಕೂಡುತ್ತಾರೆ. ಚಂದ್ರನು ಇಂಥ ವೇಳೆಗೆ ಮೂಡುತ್ತಾನೆ ಎಂದು ಅಚ್ಚು ಹಾಕಿದ ಮಾತಿಗೆ ಅರ್ಥವೇನು, ಅದನ್ನು ಕಣ್ಣಿನಿಂದ ಪರೀಕ್ಷಿಸುವುದು ಹೇಗೆ, ಅವನನ್ನು ನಾವು ಏನು ಕೇಳಬಹುದು, ಏನು ಕೇಳಲಾಗದು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಈ ವಿಚಾರಕ್ಕೆ ನಾನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯನ್ನು ಆರಿಸಿಕೊಂಡಿದ್ದೇನೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಕನ್ನಡನಾಡಿನ ಅತ್ಯಂತ ಒಣಗಿದ ಪ್ರದೇಶಗಳಲ್ಲಿ ಸೇರಿದವು. ಚಳ್ಳಕೆರೆಯಲ್ಲಿ ವರ್ಷವೆಲ್ಲ ಸೇರಿ 20 ಅಂಗುಲ ಮಳೆ ಬಿದ್ದರೆ ಅದೇ ಹೆಚ್ಚು. ಮರುಭೂಮಿ ಎಂದು ಕರೆದರೆ ಅತಿಶಯೋಕ್ತಿಯಾದೀತು. ಆದರೆ ಕುರುಚಲು ಜಾಲಿ, ಹುಲ್ಲಿನ ಕಾವಲು, ಕಲ್ಲುಬಂಡೆ, ಶೇಂಗಾದ ಹೊಲ, ಕುರಿಯ ಹಿಂಡು, ಇವನ್ನು ಬಿಟ್ಟರೆ ನೋಟಕ್ಕೆ ಅಡ್ಡಬರುವುದು ಬಹು ಸ್ವಲ್ಪ. ಮಳೆಯಿಲ್ಲದ ಊರೆಂದರೆ ಮೋಡವಿಲ್ಲದ ಊರು. ಮಲೆನಾಡಿನವರು ತಿಂಗಳುಗಟ್ಟಲೆ ಚಂದ್ರನ ಮುಖ ಕಾಣದೆ ಇರುವ ಕಾಲದಲ್ಲಿಯೂ ಇಲ್ಲಿಯವರಿಗೆ ಅವನು ಎಷ್ಟೋ ರಾತ್ರಿ ಕಾಣಸಿಗುತ್ತಾನೆ. ಹೊಟ್ಟೆಗೆ ಬಡತನ ತಂದ ಆಕಾಶವೇ ಕಣ್ಣಿಗೆ ಸಿರಿಯನ್ನು ತಂದಿದೆ. ಈ ವಿನೋದವನ್ನು ಅಲ್ಲಿಯ ರೈತರ ಮುಂದೆ ಆಡುವ ಧೈರ್ಯ ನನಗಿಲ್ಲ.

ಮೊದಲು ಲೆಕ್ಕ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೂಡುತ್ತಾನೆ. ಮರುದಿನದಿಂದ ದಿನಕ್ಕೆ ಎರಡು ಘಳಿಗೆ ತಡ. ಇದು ನಮ್ಮ ಹಿರಿಯರ ಲೆಕ್ಕ. ಎರಡು ಘಳಿಗೆಯೆಂದರೆ 48 ನಿಮಿಷ. ಈಗಿನ ಗಣಿತದ ಪ್ರಕಾರ ಸರಾಸರಿ ತಡ 50 ನಿಮಿಷಕ್ಕೆ ತುಸು ಹೆಚ್ಚು. ಗಡಿಯಾರವಿಲ್ಲದೆ ಬೆರಳೆಣಿಸಿ ಹೇಳುವ ಲೆಕ್ಕಕ್ಕೆ ಇದಕ್ಕಿಂತ ಹೆಚ್ಚಿನ ನಿಷ್ಕೃಷ್ಟತೆ ಏತಕ್ಕೆ? ಬಹುಳ ಚೌತಿಯ ದಿನ ಚಂದ್ರ ಬರುವುದು ಒಂಬತ್ತರ ಆಸುಪಾಸು. ಬಹುಳ ಅಷ್ಟಮಿಯ ದಿನ ನಡುರಾತ್ರಿ. ಕೃಷ್ಣನು ಹುಟ್ಟಿದ ಹೊತ್ತಿಗೂ ಚಂದ್ರೋದಯಕ್ಕೂ ಇರುವ ನಂಟು ಇದೇ. ಅಮಾವಾಸ್ಯೆಯ ದಿನ ಅವನು ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುತ್ತಾನೆ, ಆದಕಾರಣ ಕಾಣುವುದಿಲ್ಲ. ಶುಕ್ಲಪಕ್ಷದಲ್ಲಿ ಇದೇ ಲೆಕ್ಕವನ್ನು ಅಸ್ತಕ್ಕೆ ಹಚ್ಚಬೇಕು. ಗಣೇಶನ ಹಬ್ಬದ ರಾತ್ರಿ ಎಂಟೂವರೆ ಒಂಬತ್ತರ ಸುಮಾರಿಗೆ ಅವನು ಮುಳುಗಿ, ಅಂಜಿದವರು ನಿಶ್ಚಿಂತರಾಗಿ ಬೀದಿಗೆ ಬರಬಹುದು.

ತಡಕ್ಕೆ ಕಾರಣ ಸುಲಭ. ಭೂಮಿ ಒಂದು ಸುತ್ತು ಸುತ್ತಿ ಬರುವಷ್ಟರಲ್ಲಿ ಚಂದ್ರನು ನಕ್ಷತ್ರಗಳ ನಡುವೆ ಮೂಡಲ ಕಡೆಗೆ ಸುಮಾರು 13 ಅಂಶ ಸರಿದಿರುತ್ತಾನೆ. ಅವನನ್ನು ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು. ಇದರಿಂದ ಒಂದು ವಿಚಿತ್ರ ಫಲ ಬರುತ್ತದೆ. ಒಂದು ಚಂದ್ರೋದಯಕ್ಕೂ ಮುಂದಿನ ಚಂದ್ರೋದಯಕ್ಕೂ ಸುಮಾರು 24 ಗಂಟೆ 50 ನಿಮಿಷ ಅಂತರವಿರುವುದರಿಂದ, ನಡುರಾತ್ರಿಯಿಂದ ನಡುರಾತ್ರಿಗೆ ದಿನವನ್ನೆಣಿಸುವ ನಮ್ಮ ತಾರೀಖಿನ ಲೆಕ್ಕದಲ್ಲಿ ತಿಂಗಳಿಗೊಂದು ದಿನ ಚಂದ್ರೋದಯವೇ ಇರುವುದಿಲ್ಲ. ಬಹುಳ ಅಷ್ಟಮಿಯ ಸುಮಾರಿಗೆ ಹೀಗಾಗುತ್ತದೆ: ಒಂದು ರಾತ್ರಿ ಹನ್ನೊಂದೂಮುಕ್ಕಾಲಿಗೆ ಮೂಡಿದವನು ಮರುರಾತ್ರಿ ಮೂಡುವಷ್ಟರಲ್ಲಿ ಹನ್ನೆರಡು ಹೊಡೆದು ತಾರೀಖು ಬದಲಾಗಿರುತ್ತದೆ. ಶುಕ್ಲ ಅಷ್ಟಮಿಯ ಸುಮಾರಿಗೆ ಅಸ್ತವಿಲ್ಲದ ದಿನವೊಂದು ಬರುತ್ತದೆ. ಪತ್ರಿಕೆಯ ಅಂಕಣದಲ್ಲಿ ಆ ಜಾಗ ಖಾಲಿಯಿದ್ದರೆ ಅಚ್ಚಿನ ಮೊಳೆ ಜೋಡಿಸುವವನ ತಪ್ಪೆಂದು ಸಂಪಾದಕರಿಗೆ ಕಾಗದ ಬರೆಯುವ ಕಾರಣವಿಲ್ಲ.

ಇಂಗ್ಲಿಷ್ ಪುಸ್ತಕಗಳನ್ನು ಓದಿದವರು ‘ಹಾರ್ವೆಸ್ಟ್ ಮೂನ್’ ಎಂಬ ಮಾತನ್ನು ಕೇಳಿರಬಹುದು. ಲಂಡನ್ನಿನಂಥ ಉತ್ತರದ ಊರುಗಳಲ್ಲಿ ಸೆಪ್ಟೆಂಬರಿನ ಹುಣ್ಣಿಮೆಯ ಆಚೀಚೆಗೆ ಕೆಲವು ಸಂಜೆ ಚಂದ್ರನು ದಿನಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ ಮಾತ್ರ ತಡವಾಗಿ ಬರುತ್ತಾನೆ. ಆದಕಾರಣ ಸುಗ್ಗಿಯ ಕೆಲಸಕ್ಕೆ ಸಾಲು ಸಾಲಾಗಿ ಬೆಳಕಿನ ಸಂಜೆಗಳು ದೊರೆಯುತ್ತವೆ. ನಮ್ಮ ಕಡೆ ಅದು ನಡೆಯದು. ಚಳ್ಳಕೆರೆ ಇರುವುದು ಉತ್ತರ ಅಕ್ಷಾಂಶ 14 ಅಂಶದ ಸ್ವಲ್ಪ ಮೇಲೆ. ಇಲ್ಲಿ ಚಂದ್ರನ ಹಾದಿ ದಿಗಂತದ ಮೇಲೆ ಹೆಚ್ಚುಕಡಮೆ ನೆಟ್ಟಗೆ ಏರುತ್ತದೆ, ಅಡ್ಡಡ್ಡಲಾಗಿ ತೆವಳುವುದಿಲ್ಲ. ಅದರಿಂದ ದಿನದಿನದ ತಡ ನಲವತ್ತು ನಿಮಿಷದ ಆಸುಪಾಸಿನಿಂದ ಒಂದು ಗಂಟೆಯ ಆಸುಪಾಸಿನೊಳಗೇ ಇರುತ್ತದೆ. ಎರಡು ಘಳಿಗೆಯ ಸೂತ್ರ ನಮ್ಮ ನಾಡಿನಲ್ಲಿ ಹುಟ್ಟಿ ಉಳಿದುಕೊಂಡದ್ದು ಸುಮ್ಮನೆ ಅಲ್ಲ. ಲಂಡನ್ನಿನವನಿಗೆ ಅದು ವರ್ಷದಲ್ಲಿ ಎಷ್ಟೋ ದಿನ ಕೈಕೊಡುತ್ತಿತ್ತು. ಪರದೇಶದ ಪುಸ್ತಕದಲ್ಲಿರುವುದೆಲ್ಲ ನಮ್ಮ ಆಕಾಶಕ್ಕೆ ಹೊಂದುವುದಿಲ್ಲವೆಂಬುದನ್ನು ನಾವು ಕಾಲೇಜಿನ ತರಗತಿಗಳಲ್ಲಿ ಸಾಕಷ್ಟು ಹೇಳುವುದಿಲ್ಲ.

ಅಚ್ಚಿನಲ್ಲಿರುವ ವೇಳೆ ಯಾವುದೋ ಒಂದು ಊರಿಗೆ ಗಣಿತ ಮಾಡಿದ್ದು. ಅದನ್ನು ನಮ್ಮ ಊರಿಗೆ ತಂದುಕೊಳ್ಳಲು ರೇಖಾಂಶದ ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ, ಪಡುವಣಕ್ಕಿದ್ದರೆ ಕೂಡಿಸಬೇಕು, ಮೂಡಲಿಗಿದ್ದರೆ ಕಳೆಯಬೇಕು. ಚಳ್ಳಕೆರೆ ಬೆಂಗಳೂರಿಗಿಂತ ಸುಮಾರು ಒಂದು ಅಂಶ ಪಡುವಣಕ್ಕಿದೆ. ಬೆಂಗಳೂರಿನ ಚಂದ್ರೋದಯಕ್ಕೆ ನಾಲ್ಕು ನಿಮಿಷ ಸೇರಿಸಿದರೆ ಚಳ್ಳಕೆರೆಯದು ಸಿಕ್ಕುತ್ತದೆ. ಮುಂಬಯಿಯ ಪಂಚಾಂಗವನ್ನು ತರಿಸುವ ಮನೆಯವರು ಕಾಲು ಗಂಟೆಯಷ್ಟು ಕಳೆಯಬೇಕು. ಇನ್ನು ಗಡಿಯಾರದ ಮಾತು. ನಮ್ಮ ಕೈಗಡಿಯಾರಗಳು ತೋರಿಸುವುದು 82 ಅಂಶ 30 ಕಲೆಯ ರೇಖಾಂಶದ ಕಾಲವನ್ನು. ಚಳ್ಳಕೆರೆಯ ಸಹಜವಾದ ಕಾಲ ಅದಕ್ಕಿಂತ 23 ನಿಮಿಷ ಹಿಂದೆ. ಹುಣ್ಣಿಮೆಯ ಚಂದ್ರ ಹನ್ನೆರಡು ಹೊಡೆದಾಗ ನೆತ್ತಿಗೆ ಬಾರದೆ ಹನ್ನೆರಡೂಕಾಲು ದಾಟಿದ ಮೇಲೆ ಬರುವುದು ಇದರಿಂದಲೇ.

ಇಷ್ಟೆಲ್ಲ ತಿದ್ದಿಕೊಂಡ ಮೇಲೂ ಅಚ್ಚಿನ ವೇಳೆಗೂ ಕಣ್ಣಿನ ವೇಳೆಗೂ ಭೇದ ಉಳಿಯುತ್ತದೆ. ಅದನ್ನು ತಿಳಿಯಲು ಮೊಳಕಾಲ್ಮೂರಿಗೆ ಹೋಗಬೇಕು. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ರೇಖಾಂಶದ ಭೇದ ಅತ್ಯಲ್ಪ. ಲೆಕ್ಕದ ಪ್ರಕಾರ ಎರಡು ಊರುಗಳ ಚಂದ್ರೋದಯಕ್ಕೆ ಒಂದು ನಿಮಿಷದಷ್ಟೂ ಅಂತರ ಬರಬಾರದು. ಆದರೆ ಚಳ್ಳಕೆರೆಯದು ಬಯಲು, ಮೊಳಕಾಲ್ಮೂರಿನದು ಬಂಡೆಗುಡ್ಡಗಳ ನಡುವಣ ನೆಲೆ. ಪಂಚಾಂಗ ಹೇಳುವುದು ಸಮುದ್ರದಂತೆ ಮಟ್ಟವಾದ ದಿಗಂತದಲ್ಲಿ ಚಂದ್ರನ ಮೇಲಂಚು ಕಾಣುವ ವೇಳೆಯನ್ನು; ಗುಡ್ಡದ ಎತ್ತರ ಅದಕ್ಕೆ ತಿಳಿಯದು. ಇದಕ್ಕೆ ಯಂತ್ರ ಬೇಡ, ನಮ್ಮ ಕೈಯೇ ಸಾಕು. ತೋಳನ್ನು ನೀಡಿ ಹಿಡಿದ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಅಂಶ. ಮೂಡಲ ದಿಕ್ಕಿನ ಗುಡ್ಡ ಒಂದು ಮುಷ್ಟಿ ಎತ್ತರವಿದ್ದರೆ ಚಂದ್ರನು ಮುಕ್ಕಾಲು ಗಂಟೆಯ ಆಸುಪಾಸು ತಡವಾಗಿ ಕಾಣುತ್ತಾನೆ. ಅರ್ಧ ಮುಷ್ಟಿಯಾದರೆ ಇಪ್ಪತ್ತು ನಿಮಿಷದ ಮೇಲೆ. ನಿಮ್ಮ ಎದುರುಮನೆಯ ನೀರಿನ ತೊಟ್ಟಿಗೂ ಇದೇ ಲೆಕ್ಕ.

ಗುಡ್ಡದ ಮೇಲೇ ಹತ್ತಿ ನಿಂತರೆ ಫಲ ತಿರುಗುಮುರುಗಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರದ ಗುಡ್ಡ ಸುತ್ತಣ ನೆಲಕ್ಕಿಂತ ಬಹಳ ಎತ್ತರವಾದದ್ದು. ಅದರ ಮೇಲೆ ಅಶೋಕನ ಶಾಸನವೊಂದಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಇನ್ನೆರಡಿವೆ. ಇವು ಮೂರೂ ರೈಸ್ ಸಾಹೇಬರಿಗೆ 1892ರಲ್ಲಿ ದೊರೆತವು. ಅಲ್ಲಿಂದ ನೋಡುವವನಿಗೆ ದಿಗಂತ ತಗ್ಗಾಗಿ ಕಾಣುವುದರಿಂದ ಕೆಳಗಿನ ಹೊಲದಲ್ಲಿ ನಿಂತವನಿಗಿಂತ ಎರಡು ಮೂರು ನಿಮಿಷ ಮುಂಚಿತವಾಗಿ ಚಂದ್ರದರ್ಶನವಾಗುತ್ತದೆ.

ಈ ಮಾತು ಬರಿಯ ವಿನೋದಕ್ಕಲ್ಲವೆಂದು ತೋರಿಸುವುದಕ್ಕೆ ಒಂದು ದಿನವನ್ನು ಹೇಳುತ್ತೇನೆ: 2026ರ ಮಾರ್ಚ್ 3, ಕಾಮನ ಹುಣ್ಣಿಮೆ. ಅಂದಿನದು ಗ್ರಸ್ತೋದಯ, ಎಂದರೆ ಚಂದ್ರನು ಗ್ರಹಣ ಹಿಡಿದವನಾಗಿಯೇ ಮೂಡುವುದು. ಚಳ್ಳಕೆರೆಯಲ್ಲಿ ಉದಯ ಆರೂವರೆಯ ಸುಮಾರು, ಗ್ರಹಣ ಬಿಡುವುದು 6 ಗಂಟೆ 47 ನಿಮಿಷಕ್ಕೆ. ನಡುವೆ ಉಳಿಯುವುದು ಕಾಲು ಗಂಟೆ. ಬಯಲಿನಲ್ಲಿ ನಿಂತವನ ಪಾಲಿಗೆ ಅಂಚು ಕಡಿದ ಚಂದ್ರ. ಮೂಡಲಿಗೆ ಅರ್ಧ ಮುಷ್ಟಿಯ ಗುಡ್ಡವಿರುವ ಮನೆಯವನ ಪಾಲಿಗೆ ತುಂಬಿದ ಚಂದ್ರ ಮಾತ್ರ, ಗ್ರಹಣವೇ ಇಲ್ಲ. ಪಂಚಾಂಗ ಇಬ್ಬರಿಗೂ ಒಂದೇ.

ಇನ್ನು ಚಂದ್ರನು ಮೂಡುವ ಜಾಗ. ಸೂರ್ಯನು ವರ್ಷದಲ್ಲಿ ಒಮ್ಮೆ ಬಡಗಲಿಗೂ ಒಮ್ಮೆ ತೆಂಕಲಿಗೂ ಸರಿಯುವುದು ಎಲ್ಲರೂ ಬಲ್ಲ ವಿಷಯ. ಚಳ್ಳಕೆರೆಯಲ್ಲಿ ಅವನು ನೇರ ಮೂಡಲಿನಿಂದ ಎರಡೂವರೆ ಮುಷ್ಟಿಯ ಒಳಗೇ ಇರುತ್ತಾನೆ. ಚಂದ್ರನು ಈ ಓಡಾಟವನ್ನೆಲ್ಲ ಒಂದೇ ತಿಂಗಳಲ್ಲಿ ಮಾಡಿ ಮುಗಿಸುತ್ತಾನೆ. ಅಷ್ಟೇ ಅಲ್ಲದೆ ಅವನ ಎಲ್ಲೆಯೂ ಸ್ಥಿರವಲ್ಲ. 2025ರ ಸುಮಾರಿಗೆ ಅವನು ಮೂಡಲಿನಿಂದ ಮೂರು ಮುಷ್ಟಿಯ ತನಕ ಸರಿದು ಮೂಡಿದನು. 2015ರಲ್ಲಿ ಎರಡು ಮುಷ್ಟಿ ದಾಟಲಿಲ್ಲ. 2034ರ ಸುಮಾರಿಗೆ ಮತ್ತೆ ಎರಡೇ ಮುಷ್ಟಿ. ಈ ಹಿಗ್ಗುವ ಕುಗ್ಗುವ ಕ್ರಮ ಹದಿನೆಂಟೂವರೆ ವರ್ಷಕ್ಕೆ ತುಸು ಮೇಲ್ಪಟ್ಟು ಒಮ್ಮೆ ಸುತ್ತಿ ಬರುತ್ತದೆ. ಜ್ಯೋತಿಷ್ಯ ಬಲ್ಲವರು ರಾಹು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಎನ್ನುತ್ತಾರಲ್ಲ, ಆ ರಾಹುವಿನ ಸುತ್ತೇ ಇದು. ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕಡಿಯುವ ಎರಡು ಬಿಂದುಗಳೇ ರಾಹು ಕೇತುಗಳು. ಸರ್ಪದ ಕಥೆಯನ್ನು ಬಿಟ್ಟರೂ ಗಣಿತ ನಿಲ್ಲುತ್ತದೆ. ಮಾರ್ಗಶಿರ ಪುಷ್ಯಗಳ ಹುಣ್ಣಿಮೆಯ ನಡುರಾತ್ರಿ ಚಳ್ಳಕೆರೆಯ ಬಯಲಿನಲ್ಲಿ ನಿಂತು ನಿಮ್ಮ ನೆರಳನ್ನು ನೋಡಿಕೊಳ್ಳಿರಿ. ಅದು ತೆಂಕಲಿಗೆ ಬಿದ್ದಿರುತ್ತದೆ, ಏಕೆಂದರೆ ಚಂದ್ರನು ನೆತ್ತಿಯನ್ನು ದಾಟಿ ಬಡಗಣ ಪಕ್ಕದಲ್ಲಿರುತ್ತಾನೆ. ದೆಹಲಿ, ಕಾಶಿಗಳಲ್ಲಿ ಇಂಥ ನೆರಳು ಹುಣ್ಣಿಮೆಯ ನಡುರಾತ್ರಿ ಎಲ್ಲ ವರ್ಷವೂ ಸಿಕ್ಕುವುದಿಲ್ಲ.

ಮೂಡುವ ಚಂದ್ರ ದೊಡ್ಡದಾಗಿ ಕಾಣುತ್ತಾನೆಂಬುದು ಕಣ್ಣಿನ ಭ್ರಮೆ. ನೀಡಿದ ಕೈಯ ಕಿರುಬೆರಳಿನ ಉಗುರು ಅವನನ್ನು ದಿಗಂತದಲ್ಲಿಯೂ ಮುಚ್ಚುತ್ತದೆ, ನೆತ್ತಿಯಲ್ಲಿಯೂ ಮುಚ್ಚುತ್ತದೆ. ನಿಜ ಹೇಳುವುದಾದರೆ ಮೂಡುವಾಗಲೇ ಅವನು ಅತ್ಯಲ್ಪ ಚಿಕ್ಕವನು. ಭೂಮಿಯ ಅರ್ಧ ದಪ್ಪದಷ್ಟು, ಎಂದರೆ ಸುಮಾರು 6,400 ಕಿಲೋಮೀಟರಿನಷ್ಟು, ನಮಗೆ ಹೆಚ್ಚು ದೂರದಲ್ಲಿರುತ್ತಾನೆ. ತಾಮ್ರದ ಬಣ್ಣ ಮಾತ್ರ ಭ್ರಮೆಯಲ್ಲ. ಬೇಸಗೆಯಲ್ಲಿ ಈ ಸೀಮೆಯ ದಿಗಂತದಲ್ಲಿ ದೂಳು ತೆರೆಯಂತೆ ನಿಂತಿರುತ್ತದೆ. ಒಮ್ಮೊಮ್ಮೆ ಚಂದ್ರನು ಮೂಡಿ ಕೆಲವು ನಿಮಿಷಗಳಾದ ಮೇಲೆಯೇ ಅದರೊಳಗಿಂದ ಮಸಕು ಕೆಂಡದಂತೆ ಕಾಣಿಸಿಕೊಳ್ಳುತ್ತಾನೆ. ಸ್ವಚ್ಛವಾದ ಹುಣ್ಣಿಮೆಯ ಸಂಜೆ ಸೂರ್ಯ ಚಂದ್ರರಿಬ್ಬರೂ ಬಯಲಿನ ಎರಡು ಅಂಚುಗಳಲ್ಲಿ ಏಕಕಾಲಕ್ಕೆ ಕಾಣುವುದುಂಟು. ಹುಣ್ಣಿಮೆ ಕೂಡುವ ಗಳಿಗೆ ನಡುರಾತ್ರಿಯ ಕಡೆಗಿದ್ದರೆ ಚಂದ್ರನು ಸೂರ್ಯಾಸ್ತಕ್ಕೆ ಮೊದಲೇ ಮೂಡುತ್ತಾನೆ, ನಡುಹಗಲಿನ ಕಡೆಗಿದ್ದರೆ ಸೂರ್ಯಾಸ್ತದ ಮೇಲೆ. ಅಂತರ ಸಾಮಾನ್ಯವಾಗಿ ಕಾಲು ಗಂಟೆಯೊಳಗೇ.

ಬೆಳುದಿಂಗಳು ಈ ಸೀಮೆಯ ಜನಕ್ಕೆ ಕವಿಸಮಯವಾಗಿರಲಿಲ್ಲ. ಅದು ಕೆಲಸದ ಬೆಳಕಾಗಿತ್ತು. ಹಗಲಿನ ಬಿಸಿಲಿನಲ್ಲಿ ಆಗದ ಕಣದ ಕೆಲಸ ರಾತ್ರಿ ಆಗುತ್ತಿತ್ತು. ಕುರಿಯ ರೊಪ್ಪವನ್ನು ಕಾಯುವವನಿಗೆ ಶುಕ್ಲಪಕ್ಷದಲ್ಲಿ ಮುಂರಾತ್ರಿ ನಿಶ್ಚಿಂತೆ, ಕೃಷ್ಣಪಕ್ಷದಲ್ಲಿ ಮುಂರಾತ್ರಿ ಎಚ್ಚರ. ತೋಳ ಪಂಚಾಂಗ ಓದದಿದ್ದರೂ ಕತ್ತಲೆಯ ವೇಳೆಯನ್ನು ಬಲ್ಲದು. ಜಾತ್ರೆಗಳ ದಿನವನ್ನು ನೋಡಿದರೂ ಇದು ತೋರುತ್ತದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ ಫಾಲ್ಗುಣ ಬಹುಳದಲ್ಲಿ ಚಿತ್ತಾ ನಕ್ಷತ್ರದ ದಿನ ಎಳೆಯುವುದು. 2023ರಲ್ಲಿ ಅದು ಮಾರ್ಚ್ 10ಕ್ಕೆ ಬಿದ್ದಿತು. ಹುಣ್ಣಿಮೆಯಾಗಿ ಮೂರು ದಿನ. ನಕ್ಷತ್ರವನ್ನು ಹೀಗೆ ಗೊತ್ತುಮಾಡಿದರೆ ರಥ ಯಾವ ವರ್ಷವೂ ಹುಣ್ಣಿಮೆಯಿಂದ ದೂರ ಹೋಗಲಾರದು. ಹಗಲು ತೇರು ಮುಗಿಸಿ, ಕತ್ತಲಾಗುವಾಗ ಉಂಡು, ಎತ್ತು ಹೂಡಿ ಹೊರಡುವಷ್ಟರಲ್ಲಿ ಚಂದ್ರ ಮೇಲೆ ಬಂದಿರುತ್ತಾನೆ. ದಿನವನ್ನು ಗೊತ್ತುಮಾಡಿದವರ ಮನಸ್ಸಿನಲ್ಲಿ ಇದಿತ್ತೆಂದು ನಾನು ಹೇಳಲಾರೆ. ಗಾಡಿಯಲ್ಲಿ ಬಂದವರಿಗೆ ಉಪಕಾರವಾದದ್ದಂತೂ ನಿಜ.

ಇದೇ ತಾಲ್ಲೂಕಿಗೆ ಚಂದ್ರನೊಡನೆ ಇನ್ನೊಂದು ನಂಟು ಈಚೆಗೆ ಬೆಳೆದಿದೆ. ಚಳ್ಳಕೆರೆಗೆ ಸೇರಿದ ಉಳ್ಳಾರ್ತಿ ಕಾವಲಿನಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ಚಂದ್ರನ ಮೈಮೇಲಿನ ಕುಳಿಗಳನ್ನು ಹೋಲುವ ಕುಳಿಗಳನ್ನು ನೆಲದಲ್ಲಿ ತೋಡಿಸಿದರು. ಚಂದ್ರನ ಮೇಲೆ ಇಳಿಯುವ ನೌಕೆಯ ಕಣ್ಣುಗಳು, ಎಂದರೆ ಎತ್ತರವನ್ನಳೆದು ಅಪಾಯದ ಜಾಗವನ್ನು ಗುರುತಿಸುವ ಉಪಕರಣಗಳು, ಈ ಕುಳಿಗಳ ಮೇಲೆ ವಿಮಾನದಲ್ಲಿ ಹಾರಿ ಪರೀಕ್ಷೆಗೊಳಗಾದವು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ನೌಕೆ ಇಳಿಯುವಾಗ ಕೆಟ್ಟಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಸುಕ್ಷೇಮವಾಗಿ ಇಳಿಯಿತು. ಅಂದು ಶ್ರಾವಣ ಶುದ್ಧ ಸಪ್ತಮಿ. ಇನ್ನೂ ಸೂರ್ಯ ಮುಳುಗಿರಲಿಲ್ಲ. ಅರ್ಧಕ್ಕೆ ತುಸು ಕಡಮೆಯಾದ ಚಂದ್ರ ತೆಂಕಣ ಬಾನಿನ ನಡುವೆ ಇದ್ದನು. ಮೋಡವಿಲ್ಲದ ಕಡೆ ಇದ್ದವರು ಯಂತ್ರದ ಪರದೆಯಿಂದ ತಲೆಯೆತ್ತಿದ್ದರೆ ನೌಕೆ ಇಳಿದ ನೆಲವನ್ನೇ ನೋಡಬಹುದಾಗಿತ್ತು. ಎಷ್ಟು ಮಂದಿ ತಲೆಯೆತ್ತಿದರೋ!

ಈ ಕೀರ್ತಿಗೆ ತೆತ್ತ ಬೆಲೆಯನ್ನೂ ಹೇಳಬೇಕು. ಅಮೃತಮಹಲಿನ ಕಾಲದಿಂದ ದನ ಕುರಿಗಳು ಮೇಯುತ್ತಿದ್ದ ಈ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಸೇರಿತು. ಹುಲ್ಲುಗಾವಲನ್ನು ಕಳೆದುಕೊಂಡ ಹಳ್ಳಿಯವರ ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ತನಕ ಹೋಯಿತು. ಗೋಡೆ ಎದ್ದಲ್ಲಿ ದೀಪ ಬರುತ್ತದೆ. ದೀಪ ಬಂದಲ್ಲಿ ತದಿಗೆ ಚೌತಿಯ ಚಂದ್ರನ ನೆರಳು ನೆಲದ ಮೇಲೆ ಕಾಣುವುದಿಲ್ಲ. ಚಂದ್ರನಿಗೆ ನೌಕೆ ಕಳಿಸಿದ ನೆಲದಲ್ಲಿ ಬೆಳುದಿಂಗಳು ಕಾಣದೆ ಹೋದರೆ ಅದು ಅಗತ್ಯವಾದ ನಷ್ಟವಲ್ಲ. ದೀಪದ ಬೆಳಕು ಮೇಲಕ್ಕೆ ಚೆಲ್ಲದಂತೆ ಮುಸುಕು ಹಾಕುವುದಕ್ಕೆ ದೊಡ್ಡ ವಿಜ್ಞಾನ ಬೇಕಿಲ್ಲ.

ಕಡೆಗೆ ಯುಗಾದಿಯ ಚಂದ್ರ. ಈ ಸೀಮೆಯಲ್ಲಿ ಹಬ್ಬದ ಬೇವು ಬೆಲ್ಲಕ್ಕಿಂತಲೂ ಹೆಚ್ಚಿನ ಸಂಭ್ರಮ ಸಂಜೆಯ ಚಂದ್ರದರ್ಶನಕ್ಕೆ. ಊರಿನ ಪಡುವಣ ಬಯಲಿಗೆ ಮಂದಿ ಸೇರುತ್ತಾರೆ. ಕಣ್ಣು ಚುರುಕಾದ ಹುಡುಗರು ಮೊದಲು ಕಂಡು ಬೆರಳು ತೋರಿಸುತ್ತಾರೆ. ಕಂಡ ಕೂಡಲೆ ಕಿರಿಯರು ಹಿರಿಯರ ಕಾಲಿಗೆರಗುತ್ತಾರೆ. ರಂಜಾನಿನ ಕೊನೆಯಲ್ಲಿ ಮುಸಲ್ಮಾನ ಬಂಧುಗಳು ಕಾಯುವುದೂ ಅದೇ ಪಡುವಣ ದಿಗಂತದಲ್ಲಿ, ಅಂಥದೇ ಗೆರೆಯಷ್ಟು ಚಂದ್ರನಿಗಾಗಿ. ಹಿಂದುಗಳ ಪಾಡ್ಯ ಬಿದಿಗೆ ಗಣಿತದಿಂದ ಗೊತ್ತಾದದ್ದು, ಅವರದು ಕಣ್ಣಿನಿಂದ ಗೊತ್ತಾಗತಕ್ಕದ್ದು. ಭೇದ ಇಷ್ಟೇ.

ಯುಗಾದಿಯ ಚಂದ್ರನನ್ನು ಕಂಡವರು ಅಷ್ಟಕ್ಕೇ ಬಿಡುವುದಿಲ್ಲ. ಅವನ ಕೋಡುಗಳಲ್ಲಿ ಯಾವುದು ಎತ್ತರ ಎಂದು ನೋಡಿ ಆ ವರ್ಷದ ಮಳೆ ಬೆಳೆ ಧಾರಣೆಗಳನ್ನು ಹೇಳುತ್ತಾರೆ. ಬಡಗಣ ಕೋಡು ಎತ್ತರವಾದರೆ ಹೀಗೆ, ತೆಂಕಣ ಕೋಡು ಎತ್ತರವಾದರೆ ಹಾಗೆ, ಎರಡೂ ಸಮವಾದರೆ ಇನ್ನೊಂದು ಬಗೆ. 20 ಅಂಗುಲದ ಮಳೆಯನ್ನು ನಂಬಿ ಶೇಂಗಾ ಬಿತ್ತುವವನಿಗೆ ಇದು ಹುಡುಗಾಟದ ಪ್ರಶ್ನೆಯಲ್ಲ. ಬೀಜಕ್ಕೆ ಸಾಲ ಮಾಡಬೇಕೆ, ಬೇಡವೆ, ಎಷ್ಟು ಹೊಲ ಬಿತ್ತಬೇಕು, ದನವನ್ನು ಈಗಲೇ ಮಾರಬೇಕೆ ಎಂಬುದೆಲ್ಲ ಆ ಕೋಡಿನ ತುದಿಯಲ್ಲಿ ತೂಗುತ್ತಿರುತ್ತದೆ. ಆದಕಾರಣ ಇದನ್ನು ನಕ್ಕು ತಳ್ಳಿಬಿಡುವುದು ಓದಿದವರಿಗೆ ಸಲ್ಲದು, ಉತ್ತರ ಹೇಳಬೇಕು.

ಉತ್ತರ ಇದು. ಚಂದ್ರನ ಬೆಳಗಿದ ಮೈ ಯಾವಾಗಲೂ ಸೂರ್ಯನ ಕಡೆಗಿರುತ್ತದೆ. ಚೈತ್ರಮಾಸದ ಸಂಜೆ ನಮ್ಮ ಅಕ್ಷಾಂಶದಲ್ಲಿ ಸೂರ್ಯನ ಹಾದಿ, ಎಂದರೆ ಕ್ರಾಂತಿವೃತ್ತ, ಪಡುವಣ ದಿಗಂತದ ಮೇಲೆ ಬಹುಮಟ್ಟಿಗೆ ನೆಟ್ಟಗೆ ನಿಂತು ತುಸು ಬಡಗಲಿಗೆ ಬಾಗಿರುತ್ತದೆ. ಚಂದ್ರನು ಆ ಹಾದಿಯ ಮೇಲೆಯೇ ಇದ್ದರೆ ಮುಳುಗಿದ ಸೂರ್ಯನಿಗೆ ಹೆಚ್ಚುಕಡಮೆ ನೇರವಾಗಿ ಮೇಲಿದ್ದು, ದೋಣಿಯಂತೆ ಮಲಗಿ, ತೆಂಕಣ ಕೋಡು ಸ್ವಲ್ಪ ಎತ್ತರವಾಗಿ ಕಾಣುತ್ತಾನೆ. ಅವನು ಹಾದಿಯಿಂದ ಬಡಗಲಿಗೆ ಸರಿದಿದ್ದರೆ ಸೂರ್ಯನು ಅವನಿಗೆ ಕೆಳಗೆ ಎಡಕ್ಕೆ ಬೀಳುವುದರಿಂದ ತೆಂಕಣ ಕೋಡು ಇನ್ನಷ್ಟು ಏಳುತ್ತದೆ; ತೆಂಕಲಿಗೆ ಸರಿದಿದ್ದರೆ ಎರಡು ಕೋಡುಗಳು ಸಮವಾಗುತ್ತವೆ, ಇಲ್ಲವೆ ಬಡಗಣದು ಏಳುತ್ತದೆ. ಸರಿತ ಹೆಚ್ಚೆಂದರೆ ಐದು ಅಂಶದಷ್ಟು. ಯಾವ ವರ್ಷ ಯಾವ ಕಡೆಗೆ ಎಂಬುದು ಈಗ ತಾನೆ ಹೇಳಿದ ರಾಹುವಿನ ಸುತ್ತಿಗೆ ಸೇರಿದ್ದು. 2020ರ ಮಾರ್ಚ್ 25ರ ಯುಗಾದಿಯಲ್ಲಿ, ದೇಶವೆಲ್ಲ ಮನೆಯೊಳಗೆ ಕುಳಿತ ಆ ಮೊದಲ ದಿನ, ಚಂದ್ರನು ತೆಂಕಲಿಗೆ ಸರಿದಿದ್ದನು. ಬಡಗಣ ಕೋಡು ತುಸು ಎತ್ತರವಾಗಿತ್ತು. ಮರುಸಂಜೆಗೆ ಎರಡೂ ಹೆಚ್ಚುಕಡಮೆ ಮಟ್ಟ. ಎಂಟು ವರ್ಷದ ಮೇಲೆ ಅವನು ಬಡಗಲಿಗೆ ಸರಿದು ಇದು ತಲೆಕೆಳಗಾಗುತ್ತದೆ. ಇದನ್ನು ಈಗಲೇ, ಕಾಗದದ ಮೇಲೆ, ಒಂದು ಹನಿ ಮಳೆಯ ವಿಷಯವನ್ನೂ ತಿಳಿಯದೆ ಲೆಕ್ಕ ಹಾಕಬಹುದು. ಮಳೆಯನ್ನು ಬಲ್ಲ ಕೋಡು ಮಳೆಯನ್ನು ವಿಚಾರಿಸದೆ ಏಳುವುದು ಹೇಗೆ?

ಗಣಿತ ಬೇಡವೆನ್ನುವವರಿಗೆ ಇನ್ನೊಂದು ಮಾತು. ಚಳ್ಳಕೆರೆಯಿಂದ ನೇರವಾಗಿ ಅಳೆದರೆ ಸುಮಾರು 120 ಮೈಲಿ ಪಡುವಣಕ್ಕೆ ಆಗುಂಬೆಯಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 300 ಅಂಗುಲದ ಸುಮಾರು. ಎರಡು ಊರುಗಳ ಅಕ್ಷಾಂಶಕ್ಕೆ ಒಂದು ಅಂಶದಷ್ಟೂ ಭೇದವಿಲ್ಲ. ಯುಗಾದಿಯ ಸಂಜೆ ಆಗುಂಬೆಯವನು ನೋಡುವ ಕೋಡೂ ಚಳ್ಳಕೆರೆಯವನು ನೋಡುವ ಕೋಡೂ ಒಂದೇ, ಬಾಗು ಒಂದೇ. ಒಬ್ಬನಿಗೆ ಕೊಡೆ ಒಣಗದ ಮಳೆಗಾಲ, ಮತ್ತೊಬ್ಬನಿಗೆ ಕೆರೆ ತುಂಬದ ಮಳೆಗಾಲ. ಚಳ್ಳಕೆರೆಯ ಪಾಲಿನ ಮೋಡ ಪಡುವಣ ಘಟ್ಟದಲ್ಲಿ ಸುರಿದು ಬರಿದಾಗಿ ಬರುತ್ತದೆ. ಅದರ ವಿಚಾರವನ್ನು ಗಾಳಿಯನ್ನು ಕೇಳಬೇಕು, ಘಟ್ಟವನ್ನು ಕೇಳಬೇಕು, ಹವಾಮಾನದ ಇಲಾಖೆಯನ್ನು ಕೇಳಬೇಕು. ಚಂದ್ರನನ್ನು ಕೇಳಿದರೆ ಅವನು ಹೇಳುವುದು ತಾನು ಎಷ್ಟು ಹೊತ್ತಿಗೆ ಬರುತ್ತೇನೆ, ಎಲ್ಲಿ ಬರುತ್ತೇನೆ, ಹೇಗೆ ಬಾಗಿರುತ್ತೇನೆ ಎಂಬುದನ್ನು ಮಾತ್ರ. ಅದನ್ನು ಮಾತ್ರ ಒಂದು ನಿಮಿಷವೂ ತಪ್ಪದೆ ಹೇಳುತ್ತಾನೆ.

ಪರೀಕ್ಷೆ ಮಾಡಲಿಚ್ಛಿಸುವವರು 2028ರ ಯುಗಾದಿಯನ್ನು ಗುರುತು ಹಾಕಿಕೊಳ್ಳಬಹುದು. ಅದು ಮಾರ್ಚ್ 27ರಂದು ಬರುತ್ತದೆ. ಚಳ್ಳಕೆರೆಯಲ್ಲಿ ಸೂರ್ಯಾಸ್ತ ಆರೂವರೆ ದಾಟಿ ಐದು ನಿಮಿಷದ ಸುಮಾರಿಗೆ. ಅದಾದ ಅರ್ಧ ಗಂಟೆಗೆ ಊರ ಹೊರಗಿನ ಬಯಲಿನಲ್ಲಿ ನಿಂತು, ಸೂರ್ಯ ಮುಳುಗಿದ ಜಾಗದಿಂದ ಒಂದು ಮುಷ್ಟಿ ಬಲಕ್ಕೆ, ದಿಗಂತದಿಂದ ಒಂದು ಮುಷ್ಟಿಗೆ ತುಸು ಕಡಮೆ ಮೇಲಕ್ಕೆ ನೋಡಿರಿ. ತೆಳ್ಳಗಿನ ಚಂದ್ರ ಎಡಗಣ ಕೋಡನ್ನು ಎದ್ದುಕಾಣುವಂತೆ ಮೇಲಕ್ಕೆತ್ತಿರುತ್ತಾನೆ. ಅವನ ತೋಳಿನೊಳಗೆ ಬೆಳಗದ ಭಾಗವೂ ಬೂದಿ ಮುಚ್ಚಿದಂತೆ ಮಸಕಾಗಿ ಕಂಡೀತು, ಅದು ನಮ್ಮ ಭೂಮಿಯಿಂದ ಹೋಗಿ ಮರಳಿ ಬಂದ ಬೆಳಕು. ಏಳೂವರೆ ದಾಟಿದ ಕೆಲವು ನಿಮಿಷಕ್ಕೆ ಅವನು ಮುಳುಗುತ್ತಾನೆ. ಅಂದು ಮೋಡ ಕವಿದು ಏನೂ ಕಾಣದೆ ಹೋದರೆ, ಚಳ್ಳಕೆರೆಯವರು ಯಾರೂ ಅದಕ್ಕಾಗಿ ನನ್ನ ಮೇಲೆ ದೂರು ಹೇಳಲಾರರು.